ಬಾಗಿಲು ತಟ್ಟದ ಪಹರೆ

ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬಾತನ ಮೇಲೆ 1941ರಲ್ಲಿ ದರೋಡೆಯ ಆರೋಪ ಬಂತು. ಸಾಕ್ಷ್ಯ ಸಿಗದೆ ಬಿಡುಗಡೆಯೂ ಆಯಿತು. ಪೊಲೀಸರು ಮಾತ್ರ ಅವನನ್ನು ಬಿಡಲಿಲ್ಲ. ಅವನ ಹೆಸರಿನಲ್ಲಿ ಒಂದು ಕಡತ ತೆರೆದರು. ನಮ್ಮ ಕಡೆ ರೌಡಿ ಶೀಟ್ ಅನ್ನುತ್ತಾರಲ್ಲ, ಹೆಚ್ಚುಕಡಿಮೆ ಅಂಥದ್ದು. ಅಲ್ಲಿಂದಾಚೆಗೆ ಚೌಕಿದಾರನೋ ಪೇದೆಯೋ ರಾತ್ರಿ ಹೊತ್ತು ಬಂದು ಬಾಗಿಲು ಬಡಿಯುವುದು, ಕೂಗಿ ನಿದ್ದೆಯಿಂದ ಎಬ್ಬಿಸುವುದು, ಒಮ್ಮೊಮ್ಮೆ ಠಾಣೆಗೆ ನಡೆ ಅನ್ನುವುದು ಶುರುವಾಯಿತು. ಊರು ಬಿಟ್ಟು ಹೋಗಬೇಕಾದರೆ ಚೌಕಿದಾರನಿಗೆ ವರದಿ ಒಪ್ಪಿಸಿ ಹೋಗಬೇಕಿತ್ತು. ಬೇಸತ್ತ ಖರಕ್ ಸಿಂಗ್ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ. 1962ರ ಡಿಸೆಂಬರಿನಲ್ಲಿ ಬಂದ ತೀರ್ಪು ಅವನಿಗೆ ಅರ್ಧ ನ್ಯಾಯ ಕೊಟ್ಟಿತು. ರಾತ್ರಿ ಮನೆಗೆ ಬರುವುದನ್ನು ರದ್ದು ಮಾಡಿದ ಬಹುಮತದ ನ್ಯಾಯಮೂರ್ತಿಗಳು ಉಳಿದ ಕಣ್ಗಾವಲನ್ನು ಹಾಗೆಯೇ ಉಳಿಸಿದರು, ಖಾಸಗಿತನದ ಹಕ್ಕು ಸಂವಿಧಾನದಲ್ಲಿಲ್ಲ ಅಂದರು. ಇಡೀ ವ್ಯವಸ್ಥೆಯೇ ಸಂವಿಧಾನಬಾಹಿರ ಎಂದು ಭಿನ್ನಮತ ಬರೆದವರು ನ್ಯಾಯಮೂರ್ತಿ ಸುಬ್ಬರಾವ್.

ಆ ತೀರ್ಪನ್ನು ಓದುವಾಗಲೆಲ್ಲ ನನ್ನನ್ನು ಕಾಡುವುದು ಕಾನೂನಿನ ಅಂಶಕ್ಕಿಂತ ಹೆಚ್ಚಾಗಿ ಒಂದು ಸರಳ ಸಂಗತಿ. ತನ್ನ ಮೇಲೆ ಕಣ್ಣಿದೆ ಎಂದು ಖರಕ್ ಸಿಂಗ್‌ಗೆ ಗೊತ್ತಿತ್ತು. ಬಾಗಿಲು ಬಡಿದ ಸದ್ದು ಕೇಳಿಸಿತ್ತು, ಬಡಿದವನ ಮುಖ ಕಂಡಿತ್ತು. ಹಾಗಾಗಿಯೇ ಅವನಿಗೆ ಅರ್ಜಿ ಹಾಕಲು ಸಾಧ್ಯವಾಯಿತು. ಇವತ್ತು ಮೊಬೈಲಿನಲ್ಲಿ ಇಂಟರ್‌ನೆಟ್ ಬಳಸುವವರಿಗೆ ಆ ಸದ್ದು ಕೇಳಿಸುವುದಿಲ್ಲ. ಭಾರತ ಸರ್ಕಾರದ ಅಂತರ್ಜಾಲ ಕಣ್ಗಾವಲು ವ್ಯವಸ್ಥೆಯಲ್ಲಿ ತಪ್ಪುಗಳು ಹಲವು. ಅವುಗಳ ಬೇರು ಒಂದೇ ಎಂದು ನನಗೆ ಅನ್ನಿಸುತ್ತದೆ: ಕಣ್ಗಾವಲಿಗೆ ಒಳಗಾದವರಿಗೆ ಅದನ್ನು ಯಾವತ್ತೂ ತಿಳಿಸದಿರುವುದು.

ಕಾನೂನಿನ ಪಠ್ಯವನ್ನೇ ಎದುರಿಗಿಟ್ಟುಕೊಂಡು ನೋಡೋಣ. ಅಂತರ್ಜಾಲದಲ್ಲಿ ಹರಿಯುವ ಮಾಹಿತಿಯನ್ನು ತಡೆದು ಓದಲು ಸರ್ಕಾರಕ್ಕೆ ಅಧಿಕಾರ ಕೊಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಸೆಕ್ಷನ್. ಈಗಿರುವ ರೂಪ ಅದಕ್ಕೆ ಬಂದದ್ದು 2008ರ ಡಿಸೆಂಬರಿನಲ್ಲಿ, ಮುಂಬೈ ದಾಳಿ ನಡೆದು ತಿಂಗಳೂ ತುಂಬುವ ಮೊದಲು ಸಂಸತ್ತು ಅಂಗೀಕರಿಸಿದ ತಿದ್ದುಪಡಿಯಲ್ಲಿ. ಅದರ ಪಕ್ಕದಲ್ಲಿ ಬ್ರಿಟಿಷರು ಮಾಡಿದ 1885ರ ಟೆಲಿಗ್ರಾಫ್ ಕಾಯ್ದೆಯನ್ನಿಟ್ಟು ಓದಿದರೆ ಆಶ್ಚರ್ಯವಾಗುತ್ತದೆ. ಟೆಲಿಗ್ರಾಫ್ ಕಾಯ್ದೆಯ ಐದನೇ ಸೆಕ್ಷನ್ ಪ್ರಕಾರ ಸಂದೇಶವನ್ನು ಕದ್ದು ಕೇಳಬೇಕಾದರೆ ಮೊದಲು ಸಾರ್ವಜನಿಕ ತುರ್ತು ಪರಿಸ್ಥಿತಿ ಇರಬೇಕಿತ್ತು, ಇಲ್ಲವೇ ಸಾರ್ವಜನಿಕ ಸುರಕ್ಷತೆಯ ಪ್ರಶ್ನೆ ಎದ್ದಿರಬೇಕಿತ್ತು. 69ನೇ ಸೆಕ್ಷನ್‌ನಲ್ಲಿ ಆ ಷರತ್ತೇ ಇಲ್ಲ. ಅದರ ಬದಲು ಯಾವುದೇ ಅಪರಾಧದ ತನಿಖೆಗೂ ಈ ಅಧಿಕಾರ ಬಳಸಬಹುದು ಎಂಬ ಮಾತು ಸೇರಿಕೊಂಡಿದೆ. ಗಮನಿಸಿ, ಘೋರ ಅಪರಾಧ ಎಂದಿಲ್ಲ, ಯಾವುದೇ ಅಪರಾಧ ಎಂದಿದೆ. ಪರಕೀಯ ಸರ್ಕಾರ ತನ್ನ ಪ್ರಜೆಗಳ ತಂತಿ ಓದಲು ಹಾಕಿಕೊಂಡಿದ್ದ ಕಟ್ಟನ್ನು ನಮ್ಮದೇ ಸಂಸತ್ತು ನಮ್ಮ ಇಮೇಲಿನ ವಿಷಯದಲ್ಲಿ ಬಿಚ್ಚಿಹಾಕಿತು.

ಈ ಸೆಕ್ಷನ್ ಅಡಿ 2009ರಲ್ಲಿ ಬಂದ ನಿಯಮಗಳು ಮೇಲ್ನೋಟಕ್ಕೆ ಕೆಟ್ಟವೇನಲ್ಲ. ಆದೇಶಕ್ಕೆ ಕಾರಣವನ್ನು ಬರಹದಲ್ಲಿ ಕೊಡಬೇಕು. ಬೇರೆ ದಾರಿಯಲ್ಲಿ ಮಾಹಿತಿ ಸಿಗುವುದೇ ಎಂದು ಮೊದಲು ಯೋಚಿಸಬೇಕು. ಒಂದು ಆದೇಶದ ಆಯುಸ್ಸು 60 ದಿನ, ಎಷ್ಟು ವಿಸ್ತರಿಸಿದರೂ 180 ದಿನ ಮೀರುವಂತಿಲ್ಲ. ಇವೆಲ್ಲ ವಿವೇಕದ ಮಾತುಗಳೇ. 1996ರಲ್ಲಿ ಪಿಯುಸಿಎಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದೂರವಾಣಿ ಕದ್ದಾಲಿಕೆಗೆ ಹಾಕಿಕೊಟ್ಟ ಚೌಕಟ್ಟಿನಿಂದ ಬಂದವು. ಇವುಗಳನ್ನು ಯಾರು ಪಾಲಿಸಬೇಕು, ಪಾಲಿಸಿದರೋ ಇಲ್ಲವೋ ಎಂದು ಯಾರು ನೋಡಬೇಕು ಎಂಬಲ್ಲಿ ತೊಡಕು ಆರಂಭ. ಆದೇಶಕ್ಕೆ ಸಹಿ ಹಾಕುವವರು ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿ. ಅದು ಸರಿಯೇ ಎಂದು ನೋಡುವ ಪರಿಶೀಲನಾ ಸಮಿತಿಯಲ್ಲಿ ಕೂರುವವರು ಕೇಂದ್ರದಲ್ಲಾದರೆ ಸಂಪುಟ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ, ದೂರಸಂಪರ್ಕ ಕಾರ್ಯದರ್ಶಿ. ಎಲ್ಲರೂ ಒಂದೇ ಸರ್ಕಾರದ ಅಧಿಕಾರಿಗಳು. ಇವರ ನಡುವೆ ಒಬ್ಬ ನ್ಯಾಯಾಧೀಶರಿಲ್ಲ, ವಿರೋಧ ಪಕ್ಷದ ಒಬ್ಬ ಸಂಸದರಿಲ್ಲ. 2018ರ ಡಿಸೆಂಬರ್ 20ರಂದು ಗೃಹ ಸಚಿವಾಲಯ ಈ ಅಧಿಕಾರ ಬಳಸಬಲ್ಲ ಹತ್ತು ಸಂಸ್ಥೆಗಳ ಪಟ್ಟಿ ಹೊರಡಿಸಿತು. ಗುಪ್ತಚರ ದಳ, ಸಿಬಿಐ, ಎನ್‌ಐಎ, ‘ರಾ’ ಜೊತೆಗೆ ತೆರಿಗೆಯವರೂ ಅದರಲ್ಲಿದ್ದರು.

ಆ ಸಮಿತಿ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕೇಂದ್ರ ಸರ್ಕಾರವೊಂದೇ ತಿಂಗಳಿಗೆ 7,500ರಿಂದ 9,000 ದೂರವಾಣಿ ಕದ್ದಾಲಿಕೆ ಆದೇಶ ಹೊರಡಿಸುತ್ತದೆ ಎಂಬುದು ಹಿಂದೆ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಸಿಕ್ಕ ಉತ್ತರದಿಂದ ಹೊರಬಿದ್ದಿತ್ತು. ಸಮಿತಿ ಎರಡು ತಿಂಗಳಿಗೊಮ್ಮೆ ಸೇರಿದರೆ ಸಾಕು. ಅಂದರೆ ಪ್ರತಿ ಸಭೆಯಲ್ಲೂ 15,000ದಿಂದ 18,000 ಆದೇಶಗಳು ಮುಂದಿರುತ್ತವೆ, ಇದು ಆಗದ ಹೋಗದ ಕೆಲಸ ಎಂದು ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರ ವರದಿಯಲ್ಲಿ ಹೇಳಿತು. ಸದಸ್ಯರು ಊಟಕ್ಕೂ ಏಳದೆ ಎಂಟು ಗಂಟೆ ಕೂತರೂ ಒಂದು ಆದೇಶಕ್ಕೆ ಎರಡು ಸೆಕೆಂಡು ಸಿಗುವುದಿಲ್ಲ. ಹೆಸರು ಓದಲೂ ಅಷ್ಟು ಹೊತ್ತು ಸಾಲದು. ನಾಗರಿಕನ ಪರವಾಗಿ ಇಡೀ ವ್ಯವಸ್ಥೆಯಲ್ಲಿರುವ ಏಕೈಕ ಕಾವಲು ಇದು.

ಮೊದಲು ಇನ್ನೊಬ್ಬ ಸಾಕ್ಷಿಯಾದರೂ ಇದ್ದ. ಕದ್ದಾಲಿಕೆಯ ಆದೇಶ ದೂರವಾಣಿ ಕಂಪನಿಯ ನೋಡಲ್ ಅಧಿಕಾರಿಯ ಕೈಗೆ ಬರಬೇಕಿತ್ತು. ಸಹಿ, ದಿನಾಂಕ ನೋಡಿ ಅವನು ಸಂಪರ್ಕ ಕೊಡುತ್ತಿದ್ದ. ಮುಂಬೈ ದಾಳಿಯ ನಂತರ ರೂಪುಗೊಂಡ ಸೆಂಟ್ರಲ್ ಮಾನಿಟರಿಂಗ್ ಸಿಸ್ಟಂ ಅವನನ್ನು ದಾರಿಯಿಂದ ತೆಗೆಯಿತು. ಸರ್ಕಾರದ ಕೇಂದ್ರದಲ್ಲೇ ಕುಳಿತು ನೇರವಾಗಿ ಸಂಪರ್ಕ ಪಡೆಯಬಹುದಾದ ಈ ವ್ಯವಸ್ಥೆಯನ್ನು ಸಿ-ಡಾಟ್ ಕಟ್ಟಿತು. ಅಂತರ್ಜಾಲದ ದಟ್ಟಣೆಯನ್ನು ಜಾಲಾಡುವ ‘ನೇತ್ರ’ ತಯಾರಾದದ್ದು ನಮ್ಮ ಬೆಂಗಳೂರಿನಲ್ಲೇ, ಡಿಆರ್‌ಡಿಒ ಪ್ರಯೋಗಾಲಯದಲ್ಲಿ. ಮಧ್ಯದ ಅಧಿಕಾರಿ ಇಲ್ಲದಿದ್ದರೆ ಮಾಹಿತಿ ಸೋರುವುದು ಕಡಿಮೆಯಾಗುತ್ತದೆ ಎಂಬುದು ಸರ್ಕಾರದ ಸಮರ್ಥನೆ. ಇರಬಹುದು. ಸಹಿಯಿಲ್ಲದ ಆದೇಶ ಬಂದಾಗ ಆಗುವುದಿಲ್ಲ ಎನ್ನಬಲ್ಲ ಒಬ್ಬನೂ ಅದರೊಂದಿಗೇ ಹೋದ.

ಹಾಗಾದರೆ ತನ್ನ ಮೇಲೆ ಕಣ್ಣಿತ್ತು ಎಂಬುದು ಯಾರಿಗಾದರೂ ಗೊತ್ತಾಗುವುದು ಯಾವಾಗ? ಸರ್ಕಾರವೇ ಆ ಧ್ವನಿಮುದ್ರಣವನ್ನು ಸಾಕ್ಷ್ಯವಾಗಿ ಕೋರ್ಟಿಗೆ ತಂದಾಗ. 2019ರಲ್ಲಿ ಬಾಂಬೆ ಹೈಕೋರ್ಟ್ ಲಂಚದ ಪ್ರಕರಣವೊಂದರಲ್ಲಿ ಮೂರು ಕದ್ದಾಲಿಕೆ ಆದೇಶಗಳನ್ನು ರದ್ದು ಮಾಡಿತು. ಸಾರ್ವಜನಿಕ ಸುರಕ್ಷತೆಗೆ ಯಾವ ಆತಂಕವೂ ಅಲ್ಲಿರಲಿಲ್ಲ. 2025ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರೂ ಇಂಥದೇ ಆದೇಶವನ್ನು ಹೊಡೆದುಹಾಕಿದರು. ಅಲ್ಲಿ ಮೂಲ ಆದೇಶ 2011ರದ್ದು, ನ್ಯಾಯ ಸಿಕ್ಕದ್ದು ಹದಿನಾಲ್ಕು ವರ್ಷದ ಮೇಲೆ. ಎರಡೂ ಒಳ್ಳೆಯ ತೀರ್ಪುಗಳು, ಎರಡರಲ್ಲೂ ಗೆದ್ದವರು ಆರೋಪಿಗಳು. ಮಾತುಗಳನ್ನು ಕೇಳಿಸಿಕೊಂಡು, ಇವರಲ್ಲಿ ಏನೂ ಇಲ್ಲ ಎಂದು ಸರ್ಕಾರ ಸುಮ್ಮನೆ ಬಿಟ್ಟ ಸಾವಿರಾರು ನಿರಪರಾಧಿಗಳು ಯಾವ ಕೋರ್ಟಿಗೂ ಹೋಗಲಾರರು. ಅವರಿಗೆ ತಿಳಿದೇ ಇಲ್ಲವಲ್ಲ. ಆರೋಪಿಗೆ ಸಿಗುವ ಪರಿಹಾರ ನಿರಪರಾಧಿಗೆ ಸಿಗದ ಕಾನೂನು ಇದು. ಮೇಲಾಗಿ 2009ರ ನಿಯಮಗಳು ಆರು ತಿಂಗಳಿಗೊಮ್ಮೆ ಆದೇಶ ಮತ್ತು ದಾಖಲೆಗಳನ್ನು ನಾಶಪಡಿಸಬೇಕು ಅನ್ನುತ್ತವೆ. ಖಾಸಗಿ ಮಾತುಗಳು ಕಡತದಲ್ಲಿ ಕೊಳೆಯದಿರಲಿ ಎಂಬ ಉದ್ದೇಶ ಒಪ್ಪತಕ್ಕದ್ದೇ. ಆದರೆ ಆದೇಶದ ಹಾಳೆಯೂ ಸುಟ್ಟುಹೋದ ಮೇಲೆ ಅಧಿಕಾರದ ದುರ್ಬಳಕೆಯನ್ನು ಸಾಬೀತು ಮಾಡುವುದು ಯಾವುದರಿಂದ?

ಕರ್ನಾಟಕಕ್ಕೆ ಈ ಕಥೆ ಹೊಸದಲ್ಲ. 1988ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನ ಬಿಟ್ಟದ್ದು ದೂರವಾಣಿ ಕದ್ದಾಲಿಕೆಯ ವಿವಾದದಲ್ಲಿ. 2019ರ ಆಗಸ್ಟಿನಲ್ಲಿ ಯಡಿಯೂರಪ್ಪನವರ ಸರ್ಕಾರ ಹಿಂದಿನ ಸರ್ಕಾರದ ಕಾಲದ ಕದ್ದಾಲಿಕೆ ಆರೋಪವನ್ನು ಸಿಬಿಐಗೆ ಒಪ್ಪಿಸಿತು. 2021ರ ಜುಲೈನಲ್ಲಿ ಪೆಗಾಸಸ್ ಎಂಬ ಬೇಹು ತಂತ್ರಾಂಶದ ಸುದ್ದಿ ಸ್ಫೋಟಗೊಂಡಾಗ ಆಯ್ದ ಸಂಖ್ಯೆಗಳ ಪಟ್ಟಿಯಲ್ಲಿ ಜಿ. ಪರಮೇಶ್ವರ ಅವರದ್ದೂ, ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯನವರ ಆಪ್ತ ಕಾರ್ಯದರ್ಶಿಗಳದ್ದೂ ಇವೆ ಎಂದು ವರದಿಯಾಯಿತು. ಪಟ್ಟಿಯಲ್ಲಿ ಸಂಖ್ಯೆ ಇದ್ದ ಮಾತ್ರಕ್ಕೆ ಫೋನಿಗೆ ಕನ್ನ ಬಿದ್ದಿತ್ತು ಎನ್ನಲಾಗದು, ನಿಜ. ಬಿದ್ದಿತ್ತೋ ಇಲ್ಲವೋ ಎಂದು ಇವತ್ತಿಗೂ ನಮ್ಮ ಸರ್ಕಾರ ಬಾಯಿಬಿಟ್ಟು ಹೇಳಿಲ್ಲ. ಸುಪ್ರೀಂ ಕೋರ್ಟ್ ನೇಮಿಸಿದ, ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಉಸ್ತುವಾರಿಯ ಸಮಿತಿ 29 ಫೋನುಗಳನ್ನು ಪರೀಕ್ಷಿಸಿ ಐದರಲ್ಲಿ ಕುತಂತ್ರಾಂಶ ಕಂಡಿತು, ಅದು ಪೆಗಾಸಸ್ಸೇ ಎನ್ನಲು ಖಚಿತ ಪುರಾವೆ ಇಲ್ಲ ಎಂದಿತು. ಸರ್ಕಾರ ಸಹಕರಿಸಲಿಲ್ಲ ಎಂದು ಸಮಿತಿ ತಿಳಿಸಿರುವುದಾಗಿ 2022ರ ಆಗಸ್ಟಿನಲ್ಲಿ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ತೆರೆದ ನ್ಯಾಯಾಲಯದಲ್ಲೇ ಹೇಳಿದರು. ಇಡೀ ಪ್ರಕರಣದಲ್ಲಿ ಭಾರತದ ಪತ್ರಕರ್ತರಿಗೆ, ವಕೀಲರಿಗೆ ‘ನಿಮ್ಮ ಫೋನಿನ ಮೇಲೆ ದಾಳಿಯಾಗಿದೆ’ ಎಂದು ತಿಳಿಸಿದ್ದು 2019ರಲ್ಲಿ ವಾಟ್ಸ್‌ಆ್ಯಪ್. 2023ರ ಅಕ್ಟೋಬರಿನಲ್ಲಿ ವಿರೋಧ ಪಕ್ಷದ ನಾಯಕರಿಗೆ ಎಚ್ಚರಿಕೆ ಕಳಿಸಿದ್ದು ಆ್ಯಪಲ್. ನಮ್ಮ ನಾಗರಿಕರಿಗೆ ಈ ಮಟ್ಟಿನ ಕಾಳಜಿ ತೋರಿಸಲು ವಿದೇಶಿ ಕಂಪನಿಗಳೇ ಬೇಕಾದವು ಎಂಬುದು ನನಗೆ ನೋವಿನ ವಿಷಯ.

‘ನನ್ನ ಹತ್ತಿರ ಮುಚ್ಚಿಡುವಂಥದ್ದು ಏನಿದೆ?’ ಎಂದು ಕೇಳುವವರು ಎಲ್ಲೆಡೆ ಸಿಗುತ್ತಾರೆ. ಸಂದೇಶದ ಒಳಗನ್ನು ಓದುವುದೇ ಬೇಡ, ಹೊರಗಿನ ದಾಖಲೆ ಸಾಕು. ಯಾವ ಫೋನು, ಯಾವ ಹೊತ್ತಿನಲ್ಲಿ, ಯಾವ ತಾಣಕ್ಕೆ, ಎಷ್ಟು ಸಮಯ ಎಂಬ ವಿವರ ಇಂಟರ್‌ನೆಟ್ ಕೊಡುವ ಕಂಪನಿಯಲ್ಲಿ ಇರುತ್ತದೆ. ಹೆಣ್ಣುಮಗಳೊಬ್ಬಳ ಫೋನಿನಲ್ಲಿ ರಾತ್ರಿ ಎರಡಕ್ಕೆ ಕ್ಯಾನ್ಸರ್ ಆಸ್ಪತ್ರೆಯ ಪುಟ, ಬೆಳಿಗ್ಗೆ ವಿಮೆ ಕಂಪನಿಯ ಪುಟ, ಮಧ್ಯಾಹ್ನ ತವರಿಗೆ ನಲವತ್ತು ನಿಮಿಷದ ಕರೆ. ಒಂದು ಅಕ್ಷರವನ್ನೂ ಓದದೆ ಅವಳ ಸಂಕಟ ಅಪರಿಚಿತನೊಬ್ಬನಿಗೆ ತಿಳಿದುಹೋಯಿತು. ಅದನ್ನು ಮುಚ್ಚಿಡಲು ಅವಳು ಅಪರಾಧಿಯಾಗಿರಬೇಕಿಲ್ಲ. ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ಆದೇಶ ಇಂಥ ಲಾಗ್‌ಗಳನ್ನು 180 ದಿನ ಇಡಬೇಕೆಂದಿತು, ವಿಪಿಎನ್ ಸೇವೆಯವರು ಗ್ರಾಹಕರ ವಿವರಗಳನ್ನು ಐದು ವರ್ಷ ಇಡಬೇಕೆಂದಿತು. ಎಕ್ಸ್‌ಪ್ರೆಸ್‌ವಿಪಿಎನ್, ನಾರ್ಡ್‌ವಿಪಿಎನ್ ಮೊದಲಾದವು ಇಲ್ಲಿನ ಸರ್ವರ್‌ಗಳನ್ನೇ ಕಿತ್ತುಕೊಂಡು ಹೋದವು.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ ಆಧಾರ್ ವಿರುದ್ಧ ಹಾಕಿದ ಅರ್ಜಿಯಿಂದ 2017ರ ಆಗಸ್ಟ್ 24ರ ಐತಿಹಾಸಿಕ ತೀರ್ಪು ಬಂತು. ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದರು. ಖರಕ್ ಸಿಂಗ್ ತೀರ್ಪಿನ ಆ ಭಾಗ ಬಿದ್ದುಹೋಯಿತು, ಸುಬ್ಬರಾವ್ ಅವರ ಭಿನ್ನಮತ ಐವತ್ತೈದು ವರ್ಷದ ಬಳಿಕ ಗೆದ್ದಿತು. ಸರ್ಕಾರದ ಹಸ್ತಕ್ಷೇಪಕ್ಕೆ ಕಾನೂನಿನ ಆಧಾರ ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಪ್ರಮಾಣದಲ್ಲಿರಬೇಕು. ಈ ಒರೆಗಲ್ಲಿಗೆ 69ನೇ ಸೆಕ್ಷನ್ ಉಜ್ಜಿದರೆ ಮೊದಲ ಎರಡರಲ್ಲಿ ಹೇಗೋ ಪಾರಾದೀತು, ಮೂರನೆಯದರಲ್ಲಿ ಸೋಲುತ್ತದೆ. ಪ್ರಮಾಣ ಹೆಚ್ಚೋ ಕಡಿಮೆಯೋ ಎಂದು ಅಳೆಯಲು ಹೊರಗಿನವರಿಗೆ ಏನನ್ನೂ ಕೊಡದ ಕಾನೂನು ಅದು. ತೀರ್ಪಿನ ಬೆನ್ನಿಗೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೇಲೆ ಎಲ್ಲರಿಗೂ ನಿರೀಕ್ಷೆಯಿತ್ತು. ಅದರ 17ನೇ ಸೆಕ್ಷನ್ ಸರ್ಕಾರ ತಾನು ಹೆಸರಿಸಿದ ಸಂಸ್ಥೆಗಳನ್ನು ಕಾಯ್ದೆಯಿಂದಲೇ ಹೊರಗಿಡಲು ಅವಕಾಶ ಕೊಟ್ಟಿತು. 2025ರ ನವೆಂಬರಿನಲ್ಲಿ ಬಂದ ನಿಯಮಗಳ ಪ್ರಕಾರ, ಸರ್ಕಾರ ನಿಮ್ಮ ಮಾಹಿತಿ ಕೇಳಿ ಪಡೆದರೆ, ರಾಷ್ಟ್ರದ ಭದ್ರತೆಯ ಕಾರಣ ಕೊಟ್ಟು ಆ ವಿಷಯವನ್ನು ನಿಮಗೆ ಹೇಳದಂತೆ ಕಂಪನಿಯ ಬಾಯಿ ಕಟ್ಟಬಹುದು. ಇಲ್ಲೂ ಅದೇ ಮೌನ.

ಭದ್ರತೆಯ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬಾಂಬಿಡುವವನಿಗೆ, ಮಕ್ಕಳನ್ನು ಹಿಂಸಿಸಿ ಅದರ ಚಿತ್ರ ಮಾರುವವನಿಗೆ ಮುಂಚಿತವಾಗಿ ಪತ್ರ ಬರೆದು ಕದ್ದಾಲಿಸಿ ಎಂದು ಯಾರೂ ಕೇಳುತ್ತಿಲ್ಲ. ಕೆಲಸ ಮುಗಿದ ಮೇಲೆ ಹೇಳಿ ಎಂಬುದಷ್ಟೇ ಕೇಳಿಕೆ. ಅಮೆರಿಕದ ವೈರ್‌ಟ್ಯಾಪ್ ಕಾನೂನಿನಲ್ಲಿ ಅಪರಾಧ ತನಿಖೆಯ ಕದ್ದಾಲಿಕೆಗೆ ನ್ಯಾಯಾಧೀಶರ ಆದೇಶ ಬೇಕು, ಅದು ಮುಗಿದ 90 ದಿನಗಳೊಳಗೆ ಸಂಬಂಧಪಟ್ಟವರಿಗೆ ತಿಳಿಸಬೇಕು. ಕಾರಣವಿದ್ದರೆ ನ್ಯಾಯಾಧೀಶರು ಅದನ್ನು ಮುಂದೂಡಬಹುದು. ಜರ್ಮನಿಯಲ್ಲಿ ಗುಪ್ತಚರ ಸಂಸ್ಥೆಗಳಿಗೂ ಇಂಥ ಕರ್ತವ್ಯವಿದೆ. ಬ್ರಿಟನ್ 2016ರ ಕಾಯ್ದೆಯಲ್ಲಿ ಸಚಿವರ ಸಹಿಯ ಮೇಲೆ ನ್ಯಾಯಿಕ ಆಯುಕ್ತರ ಒಪ್ಪಿಗೆಯನ್ನೂ ಸೇರಿಸಿತು. ಎಡ್ವರ್ಡ್ ಸ್ನೋಡೆನ್ 2013ರಲ್ಲಿ ಬಯಲಿಗೆಳೆದ ಕಡತಗಳಲ್ಲಿ ಅಮೆರಿಕ, ಬ್ರಿಟನ್‌ಗಳ ಬೇಹುಗಾರಿಕೆ ಎಷ್ಟು ಹೊಲಸಾಗಿತ್ತೆಂದು ನೋಡಿದ್ದೇವೆ. ಅವುಗಳನ್ನು ಆದರ್ಶ ಅನ್ನಲಾರೆ. ಆದರೂ ಹೊರಗಿನ ಕಣ್ಣೊಂದು ಇದ್ದರೆ ಪೊಲೀಸರ ಕೈ ಕಟ್ಟಿಹೋಗುತ್ತದೆ ಎಂಬ ವಾದ ಅಲ್ಲಿ ನಿಜವಾಗಿಲ್ಲ.

ಗೊತ್ತಾದರೆ ನಮ್ಮ ಜನರೂ ಸುಮ್ಮನಿರುವುದಿಲ್ಲ. 2025ರ ಡಿಸೆಂಬರಿನ ಆರಂಭದಲ್ಲಿ ಹೊಸ ಫೋನುಗಳಲ್ಲೆಲ್ಲ ಸಂಚಾರ್ ಸಾಥಿ ಆ್ಯಪ್ ಮೊದಲೇ ಇರಬೇಕೆಂಬ ದೂರಸಂಪರ್ಕ ಇಲಾಖೆಯ ಆದೇಶ ಬೆಳಕಿಗೆ ಬಂತು. ಸಂಸತ್ತಿನಲ್ಲಿ, ಪತ್ರಿಕೆಗಳಲ್ಲಿ ಗಲಾಟೆಯಾಯಿತು, ಡಿಸೆಂಬರ್ 3ರಂದು ಸರ್ಕಾರ ಕಡ್ಡಾಯವನ್ನು ಕೈಬಿಟ್ಟಿತು. ಅದಕ್ಕೆ ಸರಿಯಾಗಿ ವರ್ಷದ ಹಿಂದೆ, 2024ರ ಡಿಸೆಂಬರಿನಲ್ಲಿ, ಅದೇ ಇಲಾಖೆ ಹೊಸ ದೂರಸಂಪರ್ಕ ಕಾಯ್ದೆಯಡಿ ಕದ್ದಾಲಿಕೆಯ ಹೊಸ ನಿಯಮಗಳನ್ನು ಹೊರಡಿಸಿತ್ತು. ಸಹಿ ಹಾಕುವವರೂ ಪರಿಶೀಲಿಸುವವರೂ ಅವರೇ ಕಾರ್ಯದರ್ಶಿಗಳು.

ನ್ಯಾಯಾಧೀಶರ ಪೂರ್ವಾನುಮತಿ ಬೇಕೆಂದರೆ ಸಂಸತ್ತು ಕಾನೂನು ಮಾಡಬೇಕು, ಅದಕ್ಕೆ ಕಾಲ ಹಿಡಿದೀತು. ಆಮೇಲೆ ತಿಳಿಸುವ ಕರ್ತವ್ಯಕ್ಕೆ ಅಷ್ಟೂ ಬೇಕಿಲ್ಲ. 69ನೇ ಸೆಕ್ಷನ್ ವಿಧಾನವನ್ನೂ ರಕ್ಷಣೆಗಳನ್ನೂ ರೂಪಿಸುವ ಕೆಲಸವನ್ನು ನಿಯಮಗಳಿಗೇ ಬಿಟ್ಟಿದೆ. ಆದೇಶ ಮುಗಿದ 90 ದಿನಗಳಲ್ಲಿ ಆ ವ್ಯಕ್ತಿಗೆ ತಿಳಿಸತಕ್ಕದ್ದು, ತಿಳಿಸುವವರೆಗೆ ಆದೇಶದ ಪ್ರತಿಯನ್ನು ನಾಶ ಮಾಡತಕ್ಕದ್ದಲ್ಲ, ತಡಮಾಡಬೇಕಾದರೆ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರ ಮುಂದೆ ಕಾರಣ ಹೇಳತಕ್ಕದ್ದು ಎಂಬ ತಿದ್ದುಪಡಿಯನ್ನು 2009ರ ನಿಯಮಗಳಿಗೆ ಸೇರಿಸಲು ರಾಜ್ಯಪತ್ರದಲ್ಲಿ ಒಂದು ಅಧಿಸೂಚನೆ ಹೊರಟರೆ ಸಾಕು.