ಹೆಸರಿನ ಸಾಲನ್ನು ಓದುವ ಬಗೆ

ಗ್ರಂಥವನ್ನು ವಿಮರ್ಶಿಸುವವರು ಮುನ್ನುಡಿ ಅರಿಕೆಗಳನ್ನೂ ಬಿಡದೆ ಓದುವುದುಂಟು. ಆದರೆ ವಿಜ್ಞಾನದ ಸಂಶೋಧನ ಲೇಖನವನ್ನು ಓದುವವರು ಶೀರ್ಷಿಕೆಯ ಕೆಳಗಿನ ಹೆಸರಿನ ಸಾಲನ್ನು ದಾಟಿ ಮುಂದಕ್ಕೆ ಹೋಗಿಬಿಡುತ್ತಾರೆ. ನನಗೆ ಆಸಕ್ತಿಯಿರುವುದು ಆ ಸಾಲಿನಲ್ಲಿಯೇ. ತೂಕ, ಅಳತೆ, ಉಷ್ಣತೆಗಳನ್ನು ದಶಾಂಶದವರೆಗೆ ಹೇಳುವ ಶಾಸ್ತ್ರವು, ಕೆಲಸ ಮಾಡಿದವರು ಯಾರು ಎಂಬಲ್ಲಿಗೆ ಬಂದೊಡನೆ ನಾಲ್ಕು ಹೆಸರುಗಳನ್ನು ಅಲ್ಪವಿರಾಮಗಳಿಂದ ಪೋಣಿಸಿ ಸುಮ್ಮನಾಗುತ್ತದೆ. ಯಾರು ಏನು ಮಾಡಿದರೆಂಬುದು ಮಾತ್ರ ತಿಳಿಯುವುದಿಲ್ಲ.

ನಮಗೆ ಪರಿಚಿತವಾದ ನಿದರ್ಶನವನ್ನೇ ನೋಡೋಣ. ಕಲ್ಕತ್ತೆಯಲ್ಲಿ ನಡೆದ ರಾಮನ್ ಪರಿಣಾಮದ ಶೋಧವನ್ನು ಕುರಿತು 1928ರ ಮಾರ್ಚ್ 31ರ ‘ನೇಚರ್’ ಪತ್ರಿಕೆಯಲ್ಲಿ ಬಂದ ಮೊದಲ ಪತ್ರಕ್ಕೆ ಎರಡು ಹೆಸರುಗಳಿವೆ: ಸಿ. ವಿ. ರಾಮನ್, ಕೆ. ಎಸ್. ಕೃಷ್ಣನ್. ಏಪ್ರಿಲ್ 21ರ ಪತ್ರಕ್ಕೆ ರಾಮನ್ನರ ಹೆಸರೊಂದೇ. ಮೇ 5ರ ಪತ್ರಕ್ಕೆ ಮತ್ತೆ ಇಬ್ಬರ ಹೆಸರು. ಇವು ಅಚ್ಚಾಗುವ ಮುಂಚೆ, ಮಾರ್ಚ್ 16ರಂದು, ರಾಮನ್ನರು ನಮ್ಮ ಬೆಂಗಳೂರಿನಲ್ಲಿ ಇದೇ ವಿಷಯವಾಗಿ ಉಪನ್ಯಾಸ ಕೊಟ್ಟರು. ಅದು ಅಚ್ಚಾದಾಗ ಕರ್ತೃ ಅವರೊಬ್ಬರೇ. ಕೃಷ್ಣನ್ನರ ಹೆಸರು ಕೊನೆಯಲ್ಲಿ ಕೃತಜ್ಞತೆಯ ಮಾತಿನೊಳಗೆ ಬರುತ್ತದೆ. 1930ರ ನೊಬೆಲ್ ಪಾರಿತೋಷಕ ರಾಮನ್ನರೊಬ್ಬರಿಗೇ ಸಂದಿತು.

ಇಲ್ಲಿ ಅನ್ಯಾಯವಾಯಿತೆಂದು ಕೂಗುವುದು ನನ್ನ ಉದ್ದೇಶವಲ್ಲ. ಚೆದರುವ ಬೆಳಕಿನ ಬೆನ್ನು ಹತ್ತಿ 1921ರಿಂದ ಏಳು ವರ್ಷ ದುಡಿದವರು ರಾಮನ್. ಆ ಪ್ರತಿಭೆಯನ್ನು ಅಲ್ಲಗಳೆಯುವವರಾರು? ನಾನು ಕೇಳುವುದು ಓದುಗನ ಪ್ರಶ್ನೆ. ಮೊದಲ ಪತ್ರದಲ್ಲಿ ಸುಮಾರು 60 ದ್ರವಗಳನ್ನು ಪರೀಕ್ಷಿಸಿದ ಮಾತಿದೆ. ಅವನ್ನು ಶುದ್ಧಿಮಾಡಿದವರು ಯಾರು? ಆ ಮಂದವಾದ ಬೆಳಕನ್ನು ಕಣ್ಣಿಟ್ಟು ನೋಡಿದವರು ಯಾರು? ಅದರ ಅರ್ಥವನ್ನು ಮೊದಲು ಕಂಡವರು ಯಾರು? ‘ನಾವು’ ಎಂಬ ಒಂದು ಸರ್ವನಾಮ ಎಲ್ಲವನ್ನೂ ನುಂಗಿಬಿಟ್ಟಿದೆ. ಉತ್ತರ ಬೇಕಾದವರು ಕೃಷ್ಣನ್ನರು ಆ ಫೆಬ್ರವರಿಯಲ್ಲಿ ಬರೆದಿಟ್ಟ ದಿನಚರಿಯನ್ನು ಹುಡುಕಿ ಓದಬೇಕಾಯಿತು. ಲೇಖನವೇ ಹೇಳಬೇಕಾದ ಮಾತಿಗೆ ದಿನಚರಿಯ ಸಾಕ್ಷ್ಯ ಬೇಕಾದದ್ದು ಬರವಣಿಗೆಯ ದೋಷವಲ್ಲವೆ?

ಹೆಸರುಗಳ ಅನುಕ್ರಮದಿಂದ ತಿಳಿಯಬಹುದೆನ್ನುವಿರೋ? ಅದೂ ಒಂದೊಂದು ಶಾಸ್ತ್ರಕ್ಕೆ ಒಂದೊಂದು ಬಗೆ. ಗಣಿತಜ್ಞರು ಸಾಮಾನ್ಯವಾಗಿ ಅಕ್ಷರಾನುಕ್ರಮ ಹಿಡಿಯುತ್ತಾರೆ. ವೈದ್ಯಶಾಸ್ತ್ರದಲ್ಲಿ ಹೆಚ್ಚು ದುಡಿದವರು ಮೊದಲು, ಪ್ರಯೋಗಶಾಲೆಯ ಹಿರಿಯರು ಕೊನೆಗೆ. ನಡುವೆ ಸಿಕ್ಕಿದವರ ಪಾಡು ದೇವರಿಗೇ ಗೊತ್ತು. 2015ರಲ್ಲಿ ಹಿಗ್ಸ್ ಕಣದ ದ್ರವ್ಯರಾಶಿಯನ್ನು ಕುರಿತು ಜಿನೀವಾ ಬಳಿಯ ಪ್ರಯೋಗಶಾಲೆಯಿಂದ ಬಂದ ಲೇಖನಕ್ಕೆ 5,154 ಕರ್ತೃಗಳು. 33 ಪುಟಗಳಲ್ಲಿ 24 ಪುಟ ಹೆಸರು ಮತ್ತು ಸಂಸ್ಥೆಗಳಿಗೇ ಮೀಸಲು! ಇದನ್ನು ಕರ್ತೃತ್ವವೆನ್ನುವುದಕ್ಕಿಂತ ಜನಗಣತಿಯೆನ್ನುವುದು ಲೇಸು.

ಈ ತೊಡಕನ್ನು ಬಿಡಿಸಲು ಈಗ ಒಂದು ಪದ್ಧತಿ ಬಳಕೆಗೆ ಬಂದಿದೆ. ಕಲ್ಪನೆ, ವಿಧಾನ, ಪ್ರಯೋಗ, ದತ್ತಾಂಶದ ಜೋಪಾನ, ಮೊದಲ ಕರಡು, ತಿದ್ದುಪಡಿ, ಮಾರ್ಗದರ್ಶನ, ಹಣ ಒದಗಿಸುವುದು ಮೊದಲಾಗಿ ಕೆಲಸವನ್ನು 14 ಪಾತ್ರಗಳಾಗಿ ವಿಂಗಡಿಸಿ, ಪ್ರತಿಯೊಂದರ ಎದುರಿಗೂ ಮಾಡಿದವರ ಹೆಸರನ್ನು ಬರೆಯಬೇಕು. 2022ರಲ್ಲಿ ಇದಕ್ಕೆ ಅಮೆರಿಕದ ರಾಷ್ಟ್ರೀಯ ಮಾನಕದ ಮನ್ನಣೆಯೂ ದೊರೆಯಿತು. ಅನೇಕ ಪತ್ರಿಕೆಗಳು ಲೇಖನದ ಕೊನೆಯಲ್ಲಿ ಈ ಪಟ್ಟಿಯನ್ನು ಅಚ್ಚುಮಾಡುತ್ತವೆ.

ಪಟ್ಟಿಯ ಕೊರತೆಗಳು ಎದ್ದು ಕಾಣುತ್ತವೆ. ಹಣ ತಂದುದಕ್ಕೂ ಹೊಳಹು ತಂದುದಕ್ಕೂ ಒಂದೊಂದೇ ಸಾಲು. ಒಂದು ಸಂಜೆಯ ಮಾತುಕತೆಯಲ್ಲಿ ಹೊಳೆದ ವಿಚಾರ ಯಾರದೆಂದು ಯಾವ ಕೋಷ್ಟಕ ಹೇಳೀತು? ಅದಕ್ಕಿಂತ ಮುಖ್ಯವಾಗಿ, ಪಟ್ಟಿಯನ್ನು ತುಂಬುವಾಗ ಹಿರಿಯರ ಮಾತೇ ನಡೆಯುವ ಸಂಭವ ಹೆಚ್ಚು. ಗುರುವಿನ ಶಿಫಾರಸಿನ ಮೇಲೆ ಬದುಕು ನಿಂತಿರುವ ಶಿಷ್ಯ, ‘ಕಲ್ಪನೆ’ಯ ಎದುರಿಗೆ ತನ್ನ ಹೆಸರನ್ನು ಬರೆಯಿರೆಂದು ಕೇಳಿಯಾನೆ?

ಇಷ್ಟಾದರೂ ಈ ಪಟ್ಟಿ ಬೇಕೆಂದೇ ನನ್ನ ಮತ. ಬರಿಯ ಹೆಸರಿನ ಸಾಲಿನಲ್ಲಿ ಸುಳ್ಳು ಹೇಳಲು ಮೌನವೇ ಸಾಕು; ಪಟ್ಟಿಯಲ್ಲಿ ಸುಳ್ಳನ್ನು ಬಾಯಿಬಿಟ್ಟೇ ಹೇಳಬೇಕಾಗುತ್ತದೆ. ಏನನ್ನೂ ಮಾಡದ ಹಿರಿಯರ ಹೆಸರನ್ನು ಗೌರವಕ್ಕೆಂದು ಸೇರಿಸುವವರು ಯಾವ ಪಾತ್ರದ ಎದುರಿಗೆ ಬರೆಯುವುದೆಂದು ಒಂದು ಗಳಿಗೆಯಾದರೂ ತಡವರಿಸಬೇಕು. ಉದ್ಯೋಗ, ಬಡ್ತಿ, ವಿದ್ಯಾರ್ಥಿವೇತನಗಳು ಈ ಸಾಲನ್ನೇ ನೆಚ್ಚಿಕೊಂಡಿರುವಾಗ ಆ ತಡವರಿಕೆಗೆ ಬೆಲೆಯುಂಟು. ಕೀರ್ತಿಯ ಬೆನ್ನಿಗೇ ಹೊಣೆಯೂ ಇದೆ: ಲೇಖನದ ಅಂಕಿ ಅಂಶ ಸುಳ್ಳೆಂದು ಬಯಲಾದಾಗ, ಯಾರನ್ನು ಕೇಳಬೇಕೆಂಬುದು ಓದುಗರಿಗೆ ತಿಳಿದಿರಬೇಡವೆ?

ಬೇಲೂರಿನ ದೇವಾಲಯದಲ್ಲಿ ಕೆಲವು ಮದನಿಕೆಗಳ ಅಡಿಯಲ್ಲಿ ದಾಸೋಜ, ಚಾವಣರಂಥ ಶಿಲ್ಪಿಗಳ ಹೆಸರುಗಳಿವೆ. ಗುಡಿ ಕಟ್ಟಿಸಿದ ಕೀರ್ತಿ ವಿಷ್ಣುವರ್ಧನನಿಗಿರಲಿ. ಆದರೆ ಈ ವಿಗ್ರಹವನ್ನು ಕಡೆದ ಕೈ ಇಂಥವನದೆಂದು ಕಲ್ಲೇ ಹೇಳುತ್ತದೆ. ಎಲ್ಲ ಶಿಲ್ಪಿಗಳ ಹೆಸರನ್ನೂ ಸಾಲಾಗಿ ಬಾಗಿಲಲ್ಲಿ ಕೆತ್ತಿದ್ದರೆ ನಮಗೆ ಇಷ್ಟು ತಿಳಿಯುತ್ತಿರಲಿಲ್ಲ. ಹೆಸರು ಇರಬೇಕಾದದ್ದು ಕೆಲಸದ ಕೆಳಗೆ.