ಗಣಕಚಿತ್ರಗಳಲ್ಲಿ ಹಗಲಿನ ಬೆಳಕು: ಒಂದು ವಿಮರ್ಶೆ

ಗಣಕಯಂತ್ರದಿಂದ ರಚಿತವಾದ ಚಿತ್ರಗಳು ಈಗ ಚಲಚ್ಚಿತ್ರಗಳಲ್ಲಿಯೂ ಪ್ರದರ್ಶನಾಲಯಗಳಲ್ಲಿಯೂ ಪ್ರಾಚೀನ ನಗರ ದೇವಾಲಯಗಳನ್ನು ನಮ್ಮ ಮುಂದೆ ನಿಲ್ಲಿಸುತ್ತಿರುವವು. ನಮ್ಮ ಎಷ್ಟೋ ವಿದ್ಯಾರ್ಥಿಗಳು ಹಂಪೆಯನ್ನು ಕಾಣುವದಕ್ಕೆ ಮೊದಲು ಹಂಪೆಯ ಚಿತ್ರವನ್ನು ಕಾಣುವರು. ಆದಕಾರಣ ಅಂಥ ಚಿತ್ರದ ಕಂಬಗಳ ಅಳತೆಯನ್ನು ಪರೀಕ್ಷಿಸುವಂತೆ ಅದರ ಹಗಲನ್ನೂ ಪರೀಕ್ಷಿಸುವದು ವಿಮರ್ಶಕನ ಕರ್ತವ್ಯವಾಗಿದೆ.

ಇಲ್ಲಿ ಸುಲಭವಾಗಿ ಘಟಿಸುವ ದೋಷವೆಂದರೆ ಸೂರ್ಯನೊಬ್ಬನನ್ನೇ ದೀಪವೆಂದು ಎಣಿಸುವದು. ನಿಜವಾದ ಹಗಲಿಗೆ ಮೂರು ದೀಪಗಳುಂಟು: ಸೂರ್ಯ, ಆಕಾಶ, ನೆಲ. ಬೆಳಕಿನ ನೀಲಾಂಶವು ವಾಯುಮಂಡಲದಲ್ಲಿ ಹೆಚ್ಚಾಗಿ ಚೆದರುವದರಿಂದ ಆಕಾಶವು ನೀಲವಾಗಿ, ನೆರಳಿಗೂ ತನ್ನ ಬಣ್ಣವನ್ನು ಕೊಡುವದು. ನೆಲಕ್ಕೆ ಬಿದ್ದ ಬಿಸಿಲು ಮಣ್ಣಿನ ಬಣ್ಣವನ್ನು ಹೊತ್ತು ಮೇಲಕ್ಕೆ ಪುಟಿಯುವದು. ಮೇಲಾಗಿ ಸೂರ್ಯಬಿಂಬವು ಬಿಂದುವಲ್ಲ. ಅದರ ತೋರಿಕೆಯ ಅಗಲವು ಸುಮಾರು ಅರ್ಧ ಡಿಗ್ರಿ. ಆದ್ದರಿಂದ ೩ ಮೀಟರು ಎತ್ತರದ ಸೂರಿನ ನೆರಳು ನಡುಹಗಲಿನಲ್ಲಿಯೂ ಅಂಚಿನಲ್ಲಿ ಸುಮಾರು ೩ ಸೆಂಟಿಮೀಟರು ಮಸುಕಾಗಿಯೇ ಬೀಳುವದು.

೨೦೦೬ರಲ್ಲಿ ಸಾರಾ ಕೆಂಡರ್ಡೈನ್, ಜೆಫ್ರಿ ಶಾ ಇವರು ರಚಿಸಿದ 'ಪ್ಲೇಸ್-ಹಂಪಿ' ಎಂಬ ಕೃತಿಯಲ್ಲಿ ಸ್ಥಳದಲ್ಲಿಯೇ ತೆಗೆದ ಸುತ್ತುನೋಟದ ಛಾಯಾಚಿತ್ರಗಳ ನಡುವೆ ಗಣಕನಿರ್ಮಿತ ದೇವತೆಗಳು ಚಲಿಸುವರು. ಛಾಯಾಚಿತ್ರಕ್ಕೆ ಹಂಪೆಯ ಬಿಸಿಲು ತಾನಾಗಿ ಬಂದಿದೆ. ದೇವತೆಗೆ ಅದನ್ನು ತಂದುಕೊಡಬೇಕು. ಬಂಡೆಯ ಬದಿಯ ಮೂರ್ತಿಗೆ ಬಂಡೆಯ ಬಣ್ಣವು ತಾಗದಿದ್ದರೆ ಅದು ಅಲ್ಲಿ ನಿಂತಂತೆ ತೋರದೆ, ಅಂಟಿಸಿದಂತೆ ತೋರುವದು. ಇಂಥ ಕೃತಿಗಳೆಲ್ಲಕ್ಕೂ ಇದೇ ಒರೆಗಲ್ಲು.

ಶಾಸ್ತ್ರವು ಇದಕ್ಕೆ ಸಾಧನಗಳನ್ನು ಒದಗಿಸಿದೆ. ೧೯೮೪ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಮೇಲ್ಮೈಯಿಂದ ಇನ್ನೊಂದಕ್ಕೆ ಪುಟಿಯುವ ಬೆಳಕಿನ ಲೆಕ್ಕವನ್ನು ಚಿತ್ರರಚನೆಗೆ ತಂದರು. ೧೯೯೯ರಲ್ಲಿ ಪ್ರೀತಮ್, ಶರ್ಲಿ, ಸ್ಮಿಟ್ಸ್ ಎಂಬವರು ಸೂರ್ಯನ ಸ್ಥಾನ, ವಾಯುವಿನ ಮಬ್ಬು ಇವುಗಳಿಂದ ಆಕಾಶದ ಬಣ್ಣವನ್ನು ಗಣಿಸುವ ಸೂತ್ರವನ್ನು ಪ್ರಕಟಿಸಿದರು.

ಆದರೆ ಸೂತ್ರಕ್ಕೆ ಊರು ತಿಳಿಯದು. ಯುರೋಪಖಂಡದಲ್ಲಿ ನಡುಹಗಲಿನ ನೆರಳು ಯಾವಾಗಲೂ ಬಡಗಣಕ್ಕೇ ಬೀಳುವದು. ಹುಬ್ಬಳ್ಳಿ-ಧಾರವಾಡಗಳಲ್ಲಿ ಮೇ ತಿಂಗಳ ಆದಿಯಿಂದ ಆಗಸ್ಟಿನ ಎರಡನೆಯ ವಾರದ ವರೆಗೆ ಸೂರ್ಯನು ನೆತ್ತಿಯನ್ನು ದಾಟಿ ಉತ್ತರಕ್ಕಿರುವದರಿಂದ ಅದು ತೆಂಕಣಕ್ಕೆ ಬೀಳುವದು. ಉಣಕಲ್ಲಿನ ಚಂದ್ರಮೌಳೇಶ್ವರ ದೇವಾಲಯವನ್ನು ಚಿತ್ರಿಸುವವನು ಇದನ್ನರಿಯದಿದ್ದರೆ ಕಲ್ಲು ನಮ್ಮದಾಗಿ ಹಗಲು ಪರದೇಶದ್ದಾಗುವದು. ಧಾರವಾಡದ ಪಶ್ಚಿಮದ ಕೆಮ್ಮಣ್ಣು ಸೂರಿನ ಕೆಳಗೆ ಕೆಂಪನ್ನು ಚೆಲ್ಲುವದು. ಪೂರ್ವದ ಎರೆಮಣ್ಣು ಬೆಳಕನ್ನು ನುಂಗುವದು. ಶ್ರಾವಣದ ಮೋಡ ಕವಿದಾಗ ಆಕಾಶವೇ ಮುಖ್ಯ ದೀಪವಾಗಿ, ನೆರಳಿಗೆ ಅಂಚೇ ಇರದು.

ಇಷ್ಟೆಲ್ಲ ಸರಿಯಾದರೆ ಚಿತ್ರವು ಕಲೆಯಾಯಿತೆ? ಈ ಪ್ರಶ್ನೆ ನಮಗೆ ಹೊಸದಲ್ಲ. ದಂಡಿಯು ಸ್ವಭಾವೋಕ್ತಿಯನ್ನು ಮೊದಲನೆಯ ಅಲಂಕಾರವೆಂದು ಎಣಿಸಿದನು. ಕುಂತಕನು ವಸ್ತುಸ್ವಭಾವವು ಅಲಂಕಾರ್ಯವೇ ಹೊರತು ಅಲಂಕಾರವಲ್ಲವೆಂದು ಆಕ್ಷೇಪಿಸಿದನು. ಗಣಕಚಿತ್ರದ ವಿಷಯದಲ್ಲಿ ಕುಂತಕನ ಪಕ್ಷವೇ ನಮಗೆ ಒಪ್ಪಿಗೆಯಾಗಿದೆ. ಸೂತ್ರವು ಅಲಂಕಾರ್ಯವನ್ನು ಒದಗಿಸುವದು. ಯಾವ ಗಳಿಗೆಯನ್ನು, ಯಾವ ಗೋಡೆಯ ಮೇಲೆ, ಏಕೆ ತೋರಿಸಬೇಕೆಂಬ ವಿವೇಕವು ಕಲಾಕಾರನದು. ಬೇಂದ್ರೆಯವರು 'ಗರಿ'ಯಲ್ಲಿಯ (೧೯೩೨) 'ಬೆಳಗು' ಕವಿತೆಯಲ್ಲಿ ಬೆಳಕನ್ನು ಅದು ತಾಗಿದ ಎಲೆ ಹೂಗಳ ಮೂಲಕ ನಮಗೆ ಕಾಣಿಸಿದರು. ಗಣಕಚಿತ್ರಕಾರನೂ ಈ ಮಾರ್ಗವನ್ನು ಅಭ್ಯಸಿಸುವದು ಯೋಗ್ಯ. ಆದರೆ ಸ್ವಭಾವವನ್ನೇ ತಪ್ಪಿದವನಿಗೆ ಅಲಂಕರಿಸಲು ಏನೂ ಉಳಿಯದೆಂಬುದನ್ನು ಅವನು ಮರೆಯಲಾಗದು.