ರಾಯ್ ಫ್ರಾನ್ಸಿಸ್ ಎಂಬ ಕಸುಬುದಾರ

ರಾಯ್ ಫ್ರಾನ್ಸಿಸ್ ಬಗ್ಗೆ ಈಚೆಗೆ ಬಂದ ಬರಹಗಳೆಲ್ಲ ಎರಡು ಸಂಗತಿಗಳಿಂದಲೇ ಶುರುವಾಗುತ್ತವೆ. ಗ್ರೇಟ್ ಬ್ರಿಟನ್ ರಗ್ಬಿ ಲೀಗ್ ತಂಡಕ್ಕೆ ಆಡಿದ ಮೊದಲ ಕಪ್ಪು ಆಟಗಾರ ಅವರು. ಬ್ರಿಟನ್ನಿನ ವೃತ್ತಿಪರ ಕ್ರೀಡೆಯಲ್ಲಿ ಒಂದು ತಂಡದ ಹೊಣೆ ಹೊತ್ತ ಮೊದಲ ಕಪ್ಪು ಕೋಚ್ ಎಂದು ಹೆಸರಾದವರು ಕೂಡ. ಎರಡೂ ಸಣ್ಣ ಮಾತಲ್ಲ. ಆದರೆ ಹೆಚ್ಚಿನ ಬರಹಗಳು ಅಲ್ಲಿಗೇ ನಿಂತುಬಿಡುತ್ತವೆ. ಹೂಮಾಲೆ ಹಾಕಿ, ಕೈಮುಗಿದು, ಮುಂದಕ್ಕೆ ಹೋಗುತ್ತವೆ. ಆ ಮನುಷ್ಯ ಮೈದಾನದಲ್ಲಿ ಮಾಡಿದ ಕೆಲಸ ಎಂಥದು, ಅದರಲ್ಲಿ ಯಾವುದು ಗಟ್ಟಿ, ಯಾವುದು ಎಲ್ಲಿ ಸೋತಿತು ಎಂದು ಕೇಳುವವರು ಕಡಿಮೆ. ಬದುಕಿದ್ದಾಗ ಅವರ ಕಸುಬನ್ನು ಸರಿಯಾಗಿ ಅಳೆಯದೆ ಹೋದದ್ದು ಒಂದು ಅನ್ಯಾಯ. ಸತ್ತ ಮೇಲೂ ಅಳೆಯದೆ ಬರೀ ಗೌರವ ಕೊಟ್ಟು ಕಳಿಸುವುದು ಅದೇ ಅನ್ಯಾಯದ ಮುಂದುವರಿಕೆ ಎಂದೇ ನನಗೆ ಅನಿಸುತ್ತದೆ.

ಆಟದ ಬಗ್ಗೆ ಎರಡು ಮಾತು. 1895ರಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಸೇರಿ ರಗ್ಬಿ ಯೂನಿಯನ್ನಿನಿಂದ ಹೊರಬಿದ್ದವು. ಗಣಿಯಲ್ಲೋ ಗಿರಣಿಯಲ್ಲೋ ದುಡಿಯುವವನು ಶನಿವಾರ ಆಡಲು ಬಂದರೆ ಕೂಲಿ ಹೋಗುತ್ತದೆ, ಅದನ್ನು ಕ್ಲಬ್ಬು ತುಂಬಿಕೊಡಬೇಕು ಎಂಬುದೇ ಜಗಳದ ಮೂಲ. ಮುಂದೆ ಹದಿನೈದು ಜನರ ತಂಡ ಹದಿಮೂರಕ್ಕೆ ಇಳಿಯಿತು, ಆಟಕ್ಕೆ ಓಟ ಬಂತು. ಚೆಂಡು ಹಿಡಿದವನನ್ನು ಕೆಡವಿದರೆ ಆತ ಎದ್ದು ನಿಂತು ಕಾಲಿನಿಂದ ಚೆಂಡನ್ನು ಹಿಂದಕ್ಕೆ ಉರುಳಿಸಿ ಆಟ ಮುಂದುವರಿಸುತ್ತಾನೆ. ಹಿಡಿದವರ ತೋಳುಗಳ ನಡುವೆಯೇ ಅಂಗುಲ ಅಂಗುಲ ತೆವಳಿ ಗೆರೆ ಮುಟ್ಟುವ ಕಬಡ್ಡಿ ರೈಡರನ್ನು ನೋಡಿದವರಿಗೆ ಈ ಆಟದ ಫಾರ್ವರ್ಡುಗಳ ದುಡಿಮೆ ಎಂಥದೆಂದು ತಟ್ಟನೆ ಗೊತ್ತಾಗುತ್ತದೆ. ಯೂನಿಯನ್ನಿನವರು ಹಣ ಮುಟ್ಟಿ ಲೀಗಿಗೆ ಹೋದವರನ್ನು ಜೀವನಪೂರ್ತಿ ಹೊರಗಿಡುತ್ತಿದ್ದರು. ವೇಲ್ಸಿನ ಬಡ ಹುಡುಗರು ಆ ಶಿಕ್ಷೆಗೂ ತಯಾರಾಗಿ ಉತ್ತರದ ರೈಲು ಹತ್ತಿದರು. ಕಾರ್ಡಿಫ್ ಬಂದರಿನ ಟೈಗರ್ ಬೇ ಕೇರಿಯ ಕಪ್ಪು ಹುಡುಗರ ಪಾಲಿಗೆ ವೇಲ್ಸ್ ಯೂನಿಯನ್ ತಂಡದ ಬಾಗಿಲು ಮೊದಲೇ ಮುಚ್ಚಿದ್ದರಿಂದ ಅವರಿಗೆ ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ.

ಫ್ರಾನ್ಸಿಸ್ ಹುಟ್ಟಿದ್ದು 1919ರಲ್ಲಿ ಕಾರ್ಡಿಫ್‌ನಲ್ಲಿ, ಬೆಳೆದದ್ದು ಬ್ರಿನ್ಮಾರ್ ಎಂಬ ಬೆಟ್ಟದ ಊರಿನಲ್ಲಿ. ಹದಿನೇಳನೆಯ ವಯಸ್ಸಿಗೆ, 1936ರಲ್ಲಿ, ವಿಗನ್ ಕ್ಲಬ್ಬು ಸೇರಿದರು. ಆಗ ವಿಗನ್ ಎಂದರೆ ದೊಡ್ಡ ಮನೆ. ಎರಡು ವರ್ಷ ಕಳೆಯುವುದರೊಳಗೆ ಆಸ್ಟ್ರೇಲಿಯಾದ ಹ್ಯಾರಿ ಸಂಡರ್ಲೆಂಡ್ ಅಲ್ಲಿ ಮ್ಯಾನೇಜರಾಗಿ ಬಂದರು. 1939ರ ಆರಂಭದಲ್ಲಿ ಈ ಹುಡುಗನನ್ನು ಬ್ಯಾರೋಗೆ ಸಾಗಹಾಕಿದರು. ಯುದ್ಧ ಬಂತು. ಫ್ರಾನ್ಸಿಸ್ ಸೈನ್ಯದಲ್ಲಿ ದೈಹಿಕ ಶಿಕ್ಷಣದ ತರಬೇತುದಾರರಾದರು. ಕೋಚ್ ಫ್ರಾನ್ಸಿಸ್‌ ಅವರನ್ನು ಅರಿಯಲು ಹೊರಟವರು ಈ ವರ್ಷಗಳನ್ನು ದಾಟಿ ಹೋಗಬಾರದು. ಬೇರೆ ಬೇರೆ ಮೈಕಟ್ಟಿನ, ಬೇರೆ ಬೇರೆ ಕಸುಬಿನ ಗಂಡಸರನ್ನು ಕೆಲವೇ ವಾರಗಳಲ್ಲಿ ಹುರಿಗೊಳಿಸುವುದು ಹೇಗೆ ಎಂಬ ಪಾಠ ಅಲ್ಲಿ ದಿನವೂ ನಡೆಯುತ್ತಿತ್ತು.

1946ರಲ್ಲಿ ಬ್ರಿಟಿಷ್ ತಂಡ ‘ಇಂಡಾಮಿಟಬಲ್’ ಎಂಬ ಯುದ್ಧನೌಕೆ ಹತ್ತಿ ಆಸ್ಟ್ರೇಲಿಯಾಕ್ಕೆ ಹೊರಟಾಗ ಫ್ರಾನ್ಸಿಸ್ ಅದರಲ್ಲಿರಲಿಲ್ಲ. ವೈಟ್ ಆಸ್ಟ್ರೇಲಿಯಾ ನೀತಿಯ ನೆಲಕ್ಕೆ ಕಪ್ಪು ಆಟಗಾರನನ್ನು ಕರೆದೊಯ್ದು ಮುಜುಗರ ತಂದುಕೊಳ್ಳುವುದು ಬೇಡವೆಂದು ಆಯ್ಕೆಗಾರರು ಕೈಬಿಟ್ಟರೆಂದೇ ಆಟದ ಚರಿತ್ರೆ ಬಲ್ಲವರು ಹೇಳುತ್ತಾರೆ. ಮಾರನೆಯ ವರ್ಷ ಬ್ರಾಡ್‌ಫರ್ಡಿನ ಆಡ್ಸಲ್ ಮೈದಾನದಲ್ಲಿ ನ್ಯೂಜಿಲೆಂಡ್ ವಿರುದ್ಧ ಅವರಿಗೆ ಗ್ರೇಟ್ ಬ್ರಿಟನ್ ಅಂಗಿ ಸಿಕ್ಕಿತು. ಎರಡು ಟ್ರೈ ಹೊಡೆದರು, ಅಂದರೆ ಎರಡು ಸಲ ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರು. ಮತ್ತೆಂದೂ ಕರೆ ಬರಲಿಲ್ಲ. ಮೈದಾನದ ಅಂಚಿನಲ್ಲಿ ಓಡುವ ವಿಂಗ್ ಆಟಗಾರನಾಗಿ ವೃತ್ತಿಜೀವನದಲ್ಲಿ 200ಕ್ಕೂ ಹೆಚ್ಚು ಟ್ರೈ ಗಳಿಸಿದವರ ಅಂತರರಾಷ್ಟ್ರೀಯ ಲೆಕ್ಕದಲ್ಲಿ ಗ್ರೇಟ್ ಬ್ರಿಟನ್ ಪರ ಇರುವುದು ಒಂದೇ ಟೆಸ್ಟ್. ಆಟಗಾರನಾಗಿ ಫ್ರಾನ್ಸಿಸ್ ಒಳ್ಳೆಯವರು, ಬಹಳ ಒಳ್ಳೆಯವರು. ವಿಗನ್ನಿನ ಮಹಾ ವಿಂಗರ್ ಬಿಲ್ಲಿ ಬಾಸ್ಟನ್ ಸಾಲಿನಲ್ಲಿ ನಿಲ್ಲುವವರಲ್ಲ. ಕೋಚ್ ಆಗಿ ಅವರ ಸಾಲಿನಲ್ಲಿ ನಿಲ್ಲುವವರನ್ನು ಹುಡುಕಬೇಕು.

ವಾರಿಂಗ್ಟನ್ ದಾಟಿ 1949ರಲ್ಲಿ ಹಲ್ ಎಫ್‌ಸಿಗೆ ಬಂದ ಅವರು ಐವತ್ತರ ದಶಕದ ಆರಂಭದಲ್ಲಿ ಆಡುತ್ತಲೇ ಕೋಚ್ ಆದರು. ಆ ಕಾಲದಲ್ಲಿ ಕೋಚ್ ಎಂಬವನಿಗೆ ಇದ್ದ ಬೆಲೆ ಅಷ್ಟಕ್ಕಷ್ಟೆ. ಯಾರು ಆಡಬೇಕು ಎಂದು ಎಷ್ಟೋ ಕ್ಲಬ್ಬುಗಳಲ್ಲಿ ನಿರ್ದೇಶಕರ ಸಮಿತಿ ಕೂತು ತೀರ್ಮಾನಿಸುತ್ತಿತ್ತು. ವಾರದಲ್ಲಿ ಎರಡು ಸಂಜೆ, ಕೆಲಸ ಮುಗಿಸಿ ಬಂದವರನ್ನು ಮೈದಾನದ ಸುತ್ತ ಓಡಿಸಿ, ಪಂದ್ಯದ ದಿನ ಊದಿಕೊಂಡ ಮಂಡಿಗೆ ಎಣ್ಣೆ ತಿಕ್ಕಿದರೆ ತರಬೇತಿ ಮುಗಿಯಿತು. ಫ್ರಾನ್ಸಿಸ್ ಇದನ್ನು ಬುಡದಿಂದ ಬದಲಿಸಿದರು. ದಪ್ಪ ಮೈಯ ಫಾರ್ವರ್ಡುಗಳಿಗೂ ಸ್ಪ್ರಿಂಟ್ ಓಟಗಾರರ ಅಭ್ಯಾಸ ಹಚ್ಚಿದರು. ಪಂದ್ಯಗಳನ್ನು ಫಿಲ್ಮಿನಲ್ಲಿ ಹಿಡಿಸಿ, ಆಟಗಾರರನ್ನು ಕೂರಿಸಿ, ಅವರ ಆಟವನ್ನು ಅವರಿಗೇ ತೋರಿಸಿದರು. ಇಂದು ಪ್ರತಿ ತಂಡದ ಹಿಂದೆ ಲ್ಯಾಪ್‌ಟಾಪ್ ಹಿಡಿದ ವಿಶ್ಲೇಷಕರ ಪಡೆಯೇ ಇರುವಾಗ ಇದು ಏನೂ ಅಲ್ಲವೆನಿಸಬಹುದು. ಐವತ್ತರ ದಶಕದ ಹಲ್‌ನಲ್ಲಿ ಒಬ್ಬ ಫಾರ್ವರ್ಡ್ ತಾನು ಟ್ಯಾಕಲ್ ಮಾಡಲು ಒಂದು ಹೆಜ್ಜೆ ತಡವಾಗಿ ಇಳಿಯುವುದನ್ನು ಪರದೆಯ ಮೇಲೆ ಕಾಣುವುದೆಂದರೆ, ಬೈಗುಳದಿಂದ ಆಗದ ಕೆಲಸ ಆಯಿತೆಂದೇ ಅರ್ಥ.

ಇನ್ನೊಂದು ಬದಲಾವಣೆ ಇದಕ್ಕಿಂತ ದೊಡ್ಡದು. ಆಟಗಾರರ ಸಂಸಾರಗಳನ್ನು ಅವರು ಕ್ಲಬ್ಬಿನ ಒಳಕ್ಕೆ ತಂದರು. ಹೆಂಡತಿ ಮಕ್ಕಳು ಪಂದ್ಯಕ್ಕೆ ಬರಲು ವಾಹನದ ಏರ್ಪಾಡಾಯಿತು, ದೂರದಿಂದ ಬಂದವರು ಊರಲ್ಲಿ ನೆಲೆಯೂರಲು ನೆರವಾಯಿತು. ಹಲ್ ಎಂದರೆ ಮೀನುಗಾರಿಕೆಯ ಬಂದರು. ಬೂಲೆವಾರ್ಡ್ ಮೈದಾನದ ಪಕ್ಕದ ಹೆಸ್ಸಲ್ ರೋಡಿನ ಗಂಡಸರು ಟ್ರಾಲರ್ ಹತ್ತಿ ಐಸ್‌ಲೆಂಡಿನ ಕಡೆ ಹೋದರೆ ಮನೆಗೆ ಮರಳಲು ವಾರಗಳೇ ಬೇಕು. ಅಂಥ ಊರಿನಲ್ಲಿ ಮನೆಯವರ ಆತಂಕ ಗಂಡಸರ ಮೈಮೇಲೆ ಹೇಗೆ ಕೂರುತ್ತದೆ ಎಂದು ಹೊರಗಿನಿಂದ ಬಂದ ಈ ಮನುಷ್ಯ ಕಂಡುಕೊಂಡರು. ಕಥನಗಳು ಇದನ್ನು ಅವರ ಒಳ್ಳೆಯತನದ ಲೆಕ್ಕಕ್ಕೆ ಬರೆಯುತ್ತವೆ. ಒಳ್ಳೆಯತನ ಇತ್ತು, ನಿಜ. ಆದರೆ ನಾನು ಇದನ್ನು ಫಿಲ್ಮಿನ ಪಕ್ಕದಲ್ಲಿಟ್ಟು ಅವರ ತಂತ್ರವೆಂದೇ ಓದುತ್ತೇನೆ. ವಿಗನ್ ಒಬ್ಬ ಹದಿಹರೆಯದ ಹುಡುಗನನ್ನು ಹೇಗೆ ನಡೆಸಿಕೊಂಡಿತೆಂದು ಅವರಿಗೆ ಗೊತ್ತಿತ್ತು. ತನ್ನನ್ನು ಯಾರಾದರೂ ಲೆಕ್ಕಕ್ಕೆ ಇಟ್ಟಿದ್ದಾರೆ ಎಂದು ಗೊತ್ತಿರುವವನು ಎಪ್ಪತ್ತೈದನೆಯ ನಿಮಿಷದಲ್ಲೂ ಎದ್ದು ಓಡುತ್ತಾನೆ ಎಂಬುದು ಅವರು ಮೈಯಲ್ಲಿ ಕಲಿತ ವಿದ್ಯೆ. ಹಲ್‌ನ ಲೂಸ್ ಫಾರ್ವರ್ಡ್ ಜಾನಿ ವೈಟ್ಲಿ ಕೊನೆಯವರೆಗೂ ಫ್ರಾನ್ಸಿಸ್‌ ಅವರನ್ನು ಕಾಲಕ್ಕಿಂತ ಬಹಳ ಮುಂದಿದ್ದವರೆಂದು ನೆನೆಯುತ್ತಿದ್ದರು.

ಫಲ ಕಣ್ಣಿಗೆ ಕಂಡಿತು. ಟಾಮಿ ಹ್ಯಾರಿಸ್, ಮಿಕ್ ಸ್ಕಾಟ್, ಅವಳಿ ಸಹೋದರರಾದ ಜಿಮ್ ಮತ್ತು ಬಿಲ್ ಡ್ರೇಕ್, ವೈಟ್ಲಿ ಇದ್ದ ಆ ಫಾರ್ವರ್ಡ್ ಪಡೆ ಎದುರಾಳಿಗಳನ್ನು ಅರೆದುಹಾಕಿತು. 1956ರ ಚಾಂಪಿಯನ್‌ಶಿಪ್ ಫೈನಲಿನಲ್ಲಿ ಹ್ಯಾಲಿಫ್ಯಾಕ್ಸ್ ಎದುರು 10-9. ಹಲ್‌ಗೆ ಇಪ್ಪತ್ತು ವರ್ಷಗಳ ನಂತರ ಬಂದ ಪಟ್ಟ. ಮರುವರ್ಷ ಓಲ್ಡಮ್ ಎದುರು 14-15ರ ಸೋಲು. 1958ರಲ್ಲಿ ವರ್ಕಿಂಗ್ಟನ್ ಎದುರು 20-3. ಮೂರು ವರ್ಷ ಸತತ ಫೈನಲ್. ವೆಂಬ್ಲಿಯ ಚಾಲೆಂಜ್ ಕಪ್ ಫೈನಲಿನಲ್ಲಿ ಮಾತ್ರ ಕತೆ ಬೇರೆ: 1959ರಲ್ಲಿ ವಿಗನ್ 30-13ರಿಂದ, 1960ರಲ್ಲಿ ವೇಕ್‌ಫೀಲ್ಡ್ 38-5ರಿಂದ ಹಲ್ ತಂಡವನ್ನು ಮಲಗಿಸಿದವು. ಎರಡನೆಯದಕ್ಕೆ ಗಾಯಾಳುಗಳ ಪಟ್ಟಿಯನ್ನು ತೋರಿಸಬಹುದು. ಮೊದಲನೆಯದಕ್ಕೆ ಆ ಸಮಾಧಾನ ಸಾಲದು. ಒಣನೆಲದ ಅಗಲವಾದ ಮೈದಾನದಲ್ಲಿ, ಬಾಸ್ಟನ್‌ನಂಥವರು ವಿಂಗಿನಲ್ಲಿ ಇರುವಾಗ, ಫಾರ್ವರ್ಡುಗಳ ಬಲ ಒಂದನ್ನೇ ನೆಚ್ಚಿಕೊಂಡ ತಂಡ ಬಯಲಾಯಿತು. ತಾನು ವಿಂಗಿನಲ್ಲಿ ಆಡಿ ಬೆಳೆದ ಕೋಚ್ ತನ್ನ ತಂಡದ ವಿಂಗುಗಳನ್ನು ಅದೇ ಮಟ್ಟಕ್ಕೆ ಬೆಳೆಸಲಿಲ್ಲ ಎಂಬುದು ಹಲ್ ಕಾಲದ ಮೇಲೆ ನನಗಿರುವ ದೊಡ್ಡ ಆಕ್ಷೇಪ. 1961ರಲ್ಲಿ ಕ್ಲೈವ್ ಸಲಿವನ್ ಎಂಬ ಕಾರ್ಡಿಫ್ ಹುಡುಗ ಹಲ್ ಸೇರಿದಾಗ ಆ ಕೊರತೆ ತುಂಬಿತು. ಅಷ್ಟರಲ್ಲಿ ಫಾರ್ವರ್ಡುಗಳಿಗೆ ವಯಸ್ಸಾಗಿತ್ತು.

1963ರಲ್ಲಿ ಅವರು ಲೀಡ್ಸ್‌ಗೆ ಹೋದರು. ಅಲ್ಲಿ ಏನು ಮಾಡಿದರೆಂದು ತಿಳಿಯಲು ಒಂದು ನಿಯಮ ಗೊತ್ತಿರಬೇಕು. 1966ರವರೆಗೆ ಟ್ಯಾಕಲ್‌ಗಳಿಗೆ ಲೆಕ್ಕವಿರಲಿಲ್ಲ. ಕೆಡವಿದಷ್ಟೂ ಸಲ ಎದ್ದು ಚೆಂಡು ಹಿಂದಕ್ಕೆ ಉರುಳಿಸಿ, ಒಂದೇ ತಂಡ ಹತ್ತಾರು ನಿಮಿಷ ಚೆಂಡು ಹಿಡಿದುಕೊಂಡು ಕೂರಬಹುದಿತ್ತು. ಆ ವರ್ಷ ನಾಲ್ಕು ಟ್ಯಾಕಲ್‌ಗಳ ಮಿತಿ ಬಂತು. ಬಲದಿಂದ ತಳ್ಳುವ ಆಟ ಹಿಂದೆ ಬಿತ್ತು. ಕೈಯಿಂದ ಕೈಗೆ ಚೆಂಡು ದಾಟಿಸಿ ಬಯಲು ಹುಡುಕುವ ಆಟ ಮುಂದೆ ಬಂತು. ಹಳೆಯ ಕಾಲದಲ್ಲಿ ಗೆದ್ದ ಕೋಚ್‌ಗಳು ಇಂಥ ತಿರುವಿನಲ್ಲಿ ಮುಗ್ಗರಿಸುವುದೇ ಹೆಚ್ಚು. ಫ್ರಾನ್ಸಿಸ್ ಇದಕ್ಕಾಗಿಯೇ ಕಾದಿದ್ದವರಂತೆ ಕಂಡರು. ಜಾನ್ ಆಟ್ಕಿನ್ಸನ್, ಆಲನ್ ಸ್ಮಿತ್ ವಿಂಗಿನಲ್ಲಿ, ಸಿಡ್ ಹೈನ್ಸ್ ನಡುವೆ, ಬ್ಯಾರಿ ಸೀಬೋರ್ನ್ ಮತ್ತು ಮಿಕ್ ಶೂಬಾಟಮ್ ಸೂತ್ರ ಹಿಡಿದವರು. 1966-67 ಮತ್ತು 1967-68ರ ಎರಡೂ ಋತುಗಳಲ್ಲಿ ಲೀಡ್ಸ್ ಲೀಗಿನ ತುದಿಯಲ್ಲಿತ್ತು. ಹಲ್‌ನಲ್ಲಿ ಬಿಟ್ಟುಹೋದದ್ದನ್ನು ಅವರು ಇಲ್ಲಿ ಪೂರ್ತಿ ಮಾಡಿದರು.

ಈ ತಂಡದ ಅತಿ ಹೆಸರುವಾಸಿ ಪಂದ್ಯ ಮಾತ್ರ ಅದರ ಆಟವನ್ನು ತೋರಿಸುವುದೇ ಇಲ್ಲ. 1968ರ ಮೇ 11ರ ಚಾಲೆಂಜ್ ಕಪ್ ಫೈನಲ್, ವೆಂಬ್ಲಿ, 87,000 ಜನ. ಮಳೆ ಸುರಿದು ಮೈದಾನ ಕೆರೆಯಾಗಿತ್ತು. ಆಟಗಾರರು ನೀರಿನ ಮೇಲೆ ಜಾರುತ್ತ ಹೋಗಿ ಬೀಳುತ್ತಿದ್ದರು. ಕೊನೆಯ ಗಳಿಗೆಯಲ್ಲಿ ಟ್ರೈ ಗಳಿಸಿದ ವೇಕ್‌ಫೀಲ್ಡ್ 10-11ಕ್ಕೆ ಬಂತು. ಕಂಬಗಳ ನೇರಕ್ಕೇ ಇದ್ದ, ಗೆಲುವು ತರಬಹುದಾಗಿದ್ದ ಕಿಕ್ಕನ್ನು ಆ ತಂಡದ ಡಾನ್ ಫಾಕ್ಸ್ ತಪ್ಪಿಸಿದರು. ಇಂದಿಗೂ ಆ ಕಿಕ್ಕನ್ನೇ ಜನ ನೋಡುತ್ತಾರೆ. ಫಾಕ್ಸ್ ಅವರ ದುಃಖ ಇಡೀ ದೇಶದ್ದಾಯಿತು, ಅದು ಸಹಜ. ಗೆದ್ದ ತಂಡದ ಕೋಚ್ ಯಾರು ಎಂದು ಕೇಳಿದರೆ ತಡಬಡಾಯಿಸುವವರೇ ಹೆಚ್ಚು. ಲೀಡ್ಸಿನ ಗೆಲುವಿಗೆ ನಾಲ್ಕು ಗೋಲು ಹೊಡೆದವರು ಬೆವ್ ರಿಸ್ಮನ್. 1946ರಲ್ಲಿ ಫ್ರಾನ್ಸಿಸ್‌ ಅವರನ್ನು ಬಿಟ್ಟು ಹೋದ ತಂಡಕ್ಕೆ ನಾಯಕರಾಗಿದ್ದ ಗಸ್ ರಿಸ್ಮನ್ ಅವರ ಮಗ.

ಆ ಗೆಲುವಿನ ಬೆನ್ನಲ್ಲೇ ಅವರು ಆಸ್ಟ್ರೇಲಿಯಾಕ್ಕೆ ಹೋದರು. 1969 ಮತ್ತು 1970, ನಾರ್ತ್ ಸಿಡ್ನಿ ತಂಡದ ಕೋಚ್. ಎರಡೂ ಋತುವಿನಲ್ಲಿ ತಂಡ ಫೈನಲ್ಸ್ ಸುತ್ತು ಮುಟ್ಟಲಿಲ್ಲ. ವರ್ಣದ್ವೇಷದ ಗಾಳಿ ಅಲ್ಲಿ ಇನ್ನೂ ಬೀಸುತ್ತಿತ್ತು. ವೈಟ್ ಆಸ್ಟ್ರೇಲಿಯಾ ನೀತಿ ಪೂರ್ತಿ ಕಿತ್ತುಹೋದದ್ದು 1973ರಲ್ಲಿ. ಆ ಎರಡು ವರ್ಷ ಅವರ ಮನಸ್ಸನ್ನು ಕಹಿ ಮಾಡಿದವು. ಆದರೆ ಸೋಲಿಗೆ ಅದೊಂದೇ ಕಾರಣವೆಂದರೆ ಅವರ ಕಸುಬನ್ನು ಮತ್ತೆ ಕಡೆಗಣಿಸಿದಂತೆ. ಆಟ ಕಂಡ ಅತಿ ದೊಡ್ಡ ವಿಂಗರುಗಳಲ್ಲೊಬ್ಬರಾದ ಕೆನ್ ಅರ್ವಿನ್ ಆ ತಂಡದಲ್ಲೇ ಇದ್ದರು. 1970 ಮುಗಿಯುತ್ತಲೇ ಮ್ಯಾನ್ಲಿಗೆ ಹೊರಟುಹೋದರು. ಫ್ರಾನ್ಸಿಸ್ ಅವರ ವಿಧಾನಕ್ಕೆ ಕಾಲ ಬೇಕಿತ್ತು. ಹಲ್‌ನಲ್ಲಿ ಹತ್ತು ವರ್ಷಕ್ಕೂ ಹೆಚ್ಚು, ಲೀಡ್ಸಿನಲ್ಲಿ ಐದು ವರ್ಷ ಸಿಕ್ಕಿತ್ತು. ಊರನ್ನು, ಮನೆಗಳನ್ನು, ಮನಸ್ಸುಗಳನ್ನು ಮೊದಲು ಅರಿತು ಆಮೇಲೆ ಆಟ ಕಟ್ಟುವವರಿಗೆ ಸಿಡ್ನಿಯ ಎರಡು ಋತು ಸಾಲಲಿಲ್ಲ. ಅಲ್ಲಿ ಮನೆಯ ಬಾಗಿಲುಗಳು ಅವರಿಗೆ ಅಷ್ಟು ಸುಲಭವಾಗಿ ತೆರೆಯಲೂ ಇಲ್ಲ. ಎರಡು ಕಾರಣಗಳು ಒಂದರೊಳಗೊಂದು ಹೆಣೆದುಕೊಂಡಿವೆ.

ಅದೇ 1970ರಲ್ಲಿ ಗ್ರೇಟ್ ಬ್ರಿಟನ್ ತಂಡ ಸಿಡ್ನಿಗೆ ಬಂದು ಆಸ್ಟ್ರೇಲಿಯಾ ವಿರುದ್ಧದ ರಗ್ಬಿ ಲೀಗ್ ಆಷಸ್ ಸರಣಿ ಗೆದ್ದಿತು. ಆ ಪ್ರವಾಸದ ಕೋಚ್ ಜಾನಿ ವೈಟ್ಲಿ, ಹಲ್‌ನಲ್ಲಿ ಫ್ರಾನ್ಸಿಸ್ ಕೈಕೆಳಗೆ ಬೆಳೆದವರು. 21-17ರಿಂದ ಗೆದ್ದ ನಿರ್ಣಾಯಕ ಮೂರನೆಯ ಟೆಸ್ಟಿನಲ್ಲಿ ಆಟ್ಕಿನ್ಸನ್ ಎರಡು ಟ್ರೈ, ಹೈನ್ಸ್ ಒಂದು ಟ್ರೈ ಗಳಿಸಿದರು. ಇಬ್ಬರೂ ಫ್ರಾನ್ಸಿಸ್ ಕಟ್ಟಿದ ಲೀಡ್ಸಿನವರು. ಬ್ರಿಟನ್ ಅದಾದ ಮೇಲೆ ಆಷಸ್ ಗೆದ್ದಿಲ್ಲ. ಎರಡು ವರ್ಷ ಕಳೆದು ವಿಶ್ವಕಪ್ ಗೆದ್ದ ಬ್ರಿಟನ್ ತಂಡದ ನಾಯಕ ಕ್ಲೈವ್ ಸಲಿವನ್. ಫ್ರಾನ್ಸಿಸ್‌ ಅವರಿಗೆ ಮಾತ್ರ ರಾಷ್ಟ್ರೀಯ ತಂಡದ ಕೋಚ್ ಹುದ್ದೆ ಒಮ್ಮೆಯೂ ಸಿಗಲಿಲ್ಲ. ಆಟ ಅವರಿಗೆ ಮಾಡಿದ ಅನ್ಯಾಯಗಳಲ್ಲಿ 1946ಕ್ಕಿಂತ ಇದನ್ನೇ ನಾನು ದೊಡ್ಡದೆನ್ನುತ್ತೇನೆ. ಯಾಕೆಂದರೆ ಇದರಲ್ಲಿ ಆಟವೂ ನಷ್ಟಪಟ್ಟಿತು.

ಊರಿಗೆ ಮರಳಿ ಹಲ್, ಮತ್ತೆ ಲೀಡ್ಸ್, ಕೊನೆಗೆ ಬ್ರಾಡ್‌ಫರ್ಡ್ ನಾರ್ದರ್ನ್. 1975ರಲ್ಲಿ ಲೀಡ್ಸ್ ಸೇಂಟ್ ಹೆಲೆನ್ಸನ್ನು 26-11ರಿಂದ ಸೋಲಿಸಿ ಮೊದಲ ಪ್ರೀಮಿಯರ್‌ಶಿಪ್ ಗೆದ್ದಿತು. ಪಂದ್ಯ ನಡೆದದ್ದು ವಿಗನ್ನಿನಲ್ಲಿ. ಶ್ರೇಷ್ಠ ಆಟಗಾರನಿಗೆ ಕೊಟ್ಟ ಪ್ರಶಸ್ತಿ ಫ್ರಾನ್ಸಿಸ್ ಅವರನ್ನು ವಿಗನ್ನಿನಿಂದ ಸಾಗಹಾಕಿದ್ದ ಅದೇ ಹ್ಯಾರಿ ಸಂಡರ್ಲೆಂಡ್ ಹೆಸರಿನದು. ಫ್ರಾನ್ಸಿಸ್ 1989ರಲ್ಲಿ ತೀರಿಕೊಂಡರು. 2023ರಲ್ಲಿ ಬ್ರಿನ್ಮಾರ್‌ನಲ್ಲಿ ಪ್ರತಿಮೆ ನಿಂತಿತು.

ಅವರ ಅತ್ಯುತ್ತಮ ಕೆಲಸ ಯಾವುದು ಎಂದರೆ ಹೆಚ್ಚಿನವರು 1968ರ ಲೀಡ್ಸ್ ಕಡೆ ಕೈ ತೋರಿಸುತ್ತಾರೆ. ಆಟದ ಚೆಲುವಿನಲ್ಲಿ ಅದೇ ಮೇಲು. ಆದರೂ ನನ್ನ ಮತ 1956ರ ಹಲ್‌ಗೆ. ಲೀಡ್ಸ್ ದುಡ್ಡಿದ್ದ ಕ್ಲಬ್ಬು, ಹೊಸ ನಿಯಮ ಅವರ ಪರವಾಗಿತ್ತು, ವೇಗದ ಹುಡುಗರು ಕೈಗೆ ಸಿಕ್ಕಿದ್ದರು. ಹಲ್‌ನಲ್ಲಿ ಫ್ರಾನ್ಸಿಸ್ ಕೋಚ್ ಆದಾಗ ಇನ್ನೂ ಅಂಗಿ ಕಳಚದ ಆಟಗಾರ. ನಿನ್ನೆಯವರೆಗೆ ಪಕ್ಕದಲ್ಲಿ ಆಡಿದವರಿಗೆ ಇಂದು ಗುರುವಾಗಬೇಕಿತ್ತು, ಅದೂ ಕಪ್ಪು ಮನುಷ್ಯನೊಬ್ಬ ಬಿಳಿಯರಿಗೆ ಆಜ್ಞೆ ಕೊಡುವುದು ಬ್ರಿಟನ್ನಿನ ಯಾವ ಮೈದಾನದಲ್ಲೂ ರೂಢಿಯಲ್ಲಿರದಿದ್ದ ಕಾಲದಲ್ಲಿ. ಮುಂದೆ ಒಬ್ಬರ ಮಾದರಿಯೂ ಇರಲಿಲ್ಲ. ಆ ಭಾರಿ ಮೈಯ ಫಾರ್ವರ್ಡುಗಳು ಅವರ ಮಾತು ನಂಬಿ ಸ್ಪ್ರಿಂಟ್ ಓಡಲು ಒಪ್ಪಿದರು, ಹ್ಯಾಲಿಫ್ಯಾಕ್ಸ್ ಎದುರಿನ ಒಂದು ಅಂಕದ ಗೆಲುವಿಗೆ ಬೇಕಾದ ಉಸಿರು ಅವರಲ್ಲಿ ಕೊನೆಯ ನಿಮಿಷದಲ್ಲೂ ಉಳಿದಿತ್ತು.